ಕಾಯದೆ ಯಾರದು?

ಬೀದರದ ನ್ಯಾಯಾಲಯದ ಆವಾರದಲ್ಲಿ ಮರದ ನೆರಳಿಗೆ ಕುಳಿತು ತನ್ನ ಸರದಿಯನ್ನು ಕಾಯುತ್ತಿದ್ದ ಔರಾದ ಕಡೆಯ ವೃದ್ಧ ರೈತನೊಬ್ಬನು, ಒಂದು ದಿನ ತನ್ನ ಗಂಟಿನಿಂದ ಕಾಗದಗಳ ಕಟ್ಟೊಂದನ್ನು ಬಿಚ್ಚಿ ನಮ್ಮ ಮುಂದೆ ಹರಡಿದನು. ಮೊದಲನೆಯ ಕಾಗದವು ಅವನ ಅಜ್ಜನ ಕಾಲದ್ದು. ಅದು ಉರ್ದುವಿನಲ್ಲಿತ್ತು, ಅದರ ಮೇಲಿನ ಇಸವಿಯು ಫಸಲಿಯದಾಗಿತ್ತು. ಎರಡನೆಯದು ಹೊಲದ ಪಹಣಿ. ಅದೇನೋ ಕನ್ನಡದಲ್ಲಿತ್ತು, ಆದರೆ ಅದರೊಳಗಿನ ಸಂಕೇತಗಳ ಅರ್ಥವನ್ನು ಕಚೇರಿಯವರೇ ಬಿಡಿಸಿ ಹೇಳಬೇಕು. ಮೂರನೆಯದು ಮೇಲಿನ ನ್ಯಾಯಾಲಯದ ಆಜ್ಞೆ, ಅದು ಇಂಗ್ಲಿಷಿನಲ್ಲಿತ್ತು. ನಾಲ್ಕನೆಯದು ಬದುವಿನ ಬಡಿದಾಟದ ಸಂಬಂಧವಾಗಿ ಅವನಿಗೆ ಬಂದ ತಿಳಿವಳಿಕೆ ಪತ್ರ. ಅದರಲ್ಲಿ ಹೊಸ ಸಂಹಿತೆಯ ಹೆಸರೂ ಹೊಸ ಕಲಮಿನ ಸಂಖ್ಯೆಯೂ ಇದ್ದವು. ನಾಲ್ಕನ್ನೂ ಸಾಲಾಗಿ ಇಟ್ಟು ಅವನು ಕೇಳಿದನು: "ವಕೀಲ ಸಾಬ್ರ, ಇದ್ರಾಗ ನಮ್ಮ ಕಾಯ್ದಾ ಯಾವದ್ರಿ?"

ಇಪ್ಪತ್ತು ವರ್ಷ ಕರಿಯ ಕೋಟು ತೊಟ್ಟು ವಾದ ಮಾಡಿದವರಿಗೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಇಂದಿನ ಲೇಖವು ಆ ವೃದ್ಧನಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕ ಮಹಾಶಯರು ತಿಳಿಯಬೇಕು.

2024ನೆಯ ಇಸವಿಯ ಜುಲೈ 1ರಂದು ದೇಶದಲ್ಲಿ ಮೂರು ಹಳೆಯ ಕಾಯದೆಗಳು ಹೋಗಿ ಮೂರು ಹೊಸವು ಬಂದವು. 1860ರ ದಂಡ ಸಂಹಿತೆಯ ಸ್ಥಳದಲ್ಲಿ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಳದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯದ ಕಾಯದೆಯ ಸ್ಥಳದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ. ಪರಕೀಯರು ತಮ್ಮ ಅನುಕೂಲಕ್ಕಾಗಿ ಹೆಣೆದ ಬಲೆಯನ್ನು ಹರಿದೊಗೆದೆವೆಂದು ಸರಕಾರವು ಸಾರಿತು. ದಾಸ್ಯದ ಗುರುತು ಅಳಿಯಬೇಕೆಂಬ ಹಂಬಲವು ನಮ್ಮದೂ ಆಗಿದೆ. ಆ ಹಂಬಲದಲ್ಲಿಯೇ ನಮ್ಮ ಹಿರಿಯರು ಸೆರೆಮನೆಯನ್ನು ಕಂಡರು. ಆದುದರಿಂದ ಬದಲಾವಣೆ ಎಂಬ ಮಾತಿಗೇ ನಾವು ಮುಖ ಸಿಂಡರಿಸುವವರಲ್ಲ. ಆದರೆ ಹೊದಿಕೆ ಹೊಸದಾದ ಮಾತ್ರಕ್ಕೆ ಪುಸ್ತಕವು ನಮ್ಮದಾಯಿತೇ? ಕಾಯದೆಯು ಪರಕೀಯವೆನಿಸುವುದು ಬರೆದವನ ಚರ್ಮದ ಬಣ್ಣದಿಂದಲೋ, ಅಥವಾ ಅದಕ್ಕೆ ಒಳಪಡುವವನನ್ನು ಕೇಳದೆ ಅದನ್ನು ಅವನ ತಲೆಯ ಮೇಲೆ ಹೊರಿಸುವ ರೀತಿಯಿಂದಲೋ? ಈ ಪ್ರಶ್ನೆಗೆ ಬೀದರ, ಭಾಲ್ಕಿ, ಔರಾದಗಳ ನೆಲವು ಕೊಡುವ ಉತ್ತರವನ್ನು ದೇಶದ ಬೇರೆ ಭಾಗಗಳು ಸುಲಭವಾಗಿ ಕೊಡಲಾರವು. ಏಕೆಂದರೆ ಈ ನೆಲದ ಕಾಯದೆಯ ಕಥೆಯೇ ಬೇರೆ.

ಮುಂಬಯಿ ಇಲಾಖೆಯ ಧಾರವಾಡ, ವಿಜಾಪುರಗಳ ಕನ್ನಡಿಗನು 1862ರ ಜನವರಿಯಿಂದಲೇ ಮೆಕಾಲೆಯ ದಂಡ ಸಂಹಿತೆಗೆ ಒಳಪಟ್ಟನು. ಬೀದರದ ಕನ್ನಡಿಗನಾದರೋ ನಿಜಾಮರ ಪ್ರಜೆ. ಅವನಿಗೆ ಹೈದರಾಬಾದಿನ ಬೇರೆಯದೇ ದಂಡ ಸಂಹಿತೆ ಇತ್ತು. ಅದರ ಭಾಷೆ ಉರ್ದು, ಅದರ ಎರಕ ಮಾತ್ರ ಮೆಕಾಲೆಯದೇ. ಜಿಲ್ಲೆಯ ಅಧಿಕಾರಿಯನ್ನು ಕಲೆಕ್ಟರನೆನ್ನದೆ ತಾಲೂಕದಾರನೆಂದು ಕರೆಯುತ್ತಿದ್ದರು. ತಿಂಗಳುಗಳನ್ನು ಆಜುರ್, ದೈ, ಬಹಮನ್ ಎಂದು ಎಣಿಸುತ್ತಿದ್ದರು. ಭೂಕಂದಾಯದ ಕಾಯದೆಯು 1317 ಫಸಲಿಯದು, ಎಂದರೆ ನಮ್ಮ ಲೆಕ್ಕದಲ್ಲಿ 1907ರ ಸುಮಾರಿನದು. ಸತ್ಯಕ್ಕೆ ಅಪಚಾರವಾಗಬಾರದೆಂದು ಇನ್ನೊಂದು ಮಾತನ್ನೂ ಹೇಳಬೇಕು: ನ್ಯಾಯಾಂಗವನ್ನು ಆಡಳಿತದಿಂದ ಬೇರ್ಪಡಿಸಬೇಕೆಂದು ಬ್ರಿಟಿಷ್ ಹಿಂದುಸ್ಥಾನದಲ್ಲಿ ಮುಖಂಡರು ಠರಾವುಗಳನ್ನು ಮಾಡುತ್ತಲೇ ಇದ್ದಾಗ, ಹೈದರಾಬಾದು ಸಂಸ್ಥಾನವು 1921ರಲ್ಲಿಯೇ ಫರ್ಮಾನಿನ ಮೂಲಕ ಅದನ್ನು ಮಾಡಿ ಮುಗಿಸಿತು. ಒಳ್ಳೆಯ ಏರ್ಪಾಡೇ. ಆದರೆ ಅದೂ ಫರ್ಮಾನಿನಿಂದ ಬಂದಿತು; ಇನ್ನೊಂದು ಫರ್ಮಾನು ಅದನ್ನು ಕಸಿದುಕೊಂಡಿದ್ದರೆ ಕೇಳುವವರಾರೂ ಇರಲಿಲ್ಲ. ದೊರೆಯ ಔದಾರ್ಯಕ್ಕೂ ಪ್ರಜೆಯ ಹಕ್ಕಿಗೂ ಇರುವ ಅಂತರವು ಇಷ್ಟೇ, ಮತ್ತು ಇಷ್ಟು ದೊಡ್ಡದು.

ಇದರ ಜೊತೆಗೆ ಜಹಗೀರುಗಳ ಕಾಟ. ಸಂಸ್ಥಾನದ ಭೂಮಿಯಲ್ಲಿ ಸುಮಾರು ಐದರಲ್ಲಿ ಎರಡು ಪಾಲು ದಿವಾನಿಯ ನೇರ ಆಡಳಿತಕ್ಕೆ ಸೇರದೆ, ಜಹಗೀರುದಾರರ, ಪಾಯಗಾಗಳ ಹಾಗೂ ನಿಜಾಮರ ಸ್ವಂತ ಖರ್ಚಿಗೆಂದು ಮೀಸಲಾದ ಸರ್ಫ್-ಎ-ಖಾಸಿನ ಕೈಯಲ್ಲಿತ್ತು. ಬೀದರ ಜಿಲ್ಲೆಯಲ್ಲಿ ಕಲ್ಯಾಣಿಯು ನವಾಬರ ಜಹಗೀರು, ಚಿಟಗುಪ್ಪೆಯು ಪಾಯಗಾ. ದೊಡ್ಡ ಪಾಯಗಾಗಳಿಗೆ ತಮ್ಮದೇ ಪೋಲೀಸರು, ತಮ್ಮದೇ ನ್ಯಾಯಕಟ್ಟೆಗಳು ಇದ್ದವು. ಹಳ್ಳಿಯಲ್ಲಿ ಮಾಲಿಪಾಟೀಲ, ಪೋಲೀಸ್‌ಪಾಟೀಲ, ಪಟವಾರಿ ಎಂಬ ವಂಶಪರಂಪರೆಯ ಅಧಿಕಾರಗಳು. ಪಟವಾರಿಯ ದಫ್ತರವೇ ರೈತನ ಹಣೆಬರಹ. ಇನ್ನು ಜನರು ಒಂದೆಡೆ ಸೇರಿ ನಾಲ್ಕು ಮಾತಾಡಬೇಕೆಂದರೆ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯು ಅಡ್ಡ ಬರುತ್ತಿತ್ತು. ಮುಂಚಿತವಾಗಿ ಅಪ್ಪಣೆ ಪಡೆಯದೆ ಸಭೆ ಕೂಡುವಂತಿರಲಿಲ್ಲ. ನಾಡಹಬ್ಬವನ್ನು ಆಚರಿಸುವವನೂ ವಾಚನಾಲಯವನ್ನು ತೆರೆಯುವವನೂ ಸಂಶಯದ ಕಣ್ಣಿಗೆ ಗುರಿಯಾಗುತ್ತಿದ್ದರು. 1938ರಲ್ಲಿ ಹುಟ್ಟಿದ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು ಹುಟ್ಟುತ್ತಲೇ ನಿಷೇಧಕ್ಕೆ ಒಳಗಾಯಿತು.

ಅಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಾಡಿದ ಕಾರ್ಯವನ್ನು ಈ ಭಾಗದ ಮಾಸ್ತರರು ಇಂದಿಗೂ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಾರೆ. ಹೊರಗೆ ಉರ್ದು ಶಾಲೆಯ ಫಲಕ, ಒಳಗೆ ಕನ್ನಡದ ಪಾಠ! ಕಾಯದೆಯ ಕಣ್ಣಿಗೆ ಅದು ಕಪಟ. ನಾಡಿನ ಕಣ್ಣಿಗೆ ಅದು ತಪಸ್ಸು. ಮಗುವು ತಾಯಿಯ ನುಡಿಯಲ್ಲಿ ಅಕ್ಷರ ಕಲಿಯಲು ಫಲಕದ ಮರೆ ಬೇಕಾಗುವ ಕಾಯದೆಯು ಸ್ವದೇಶಿಯೇ? ಅದನ್ನು ಬರೆದವರು ಲಂಡನ್ನಿನಿಂದ ಹಡಗು ಹತ್ತಿ ಬಂದವರಾಗಿರಲಿಲ್ಲ. ಗೋಳಕೊಂಡೆಯ ನೆಲದಲ್ಲಿಯೇ ಬೆಳೆದವರು. ಆದರೂ ಅದು ನಮ್ಮದಾಗಿರಲಿಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ: ಕಾಯದೆಯು ಪರಕೀಯವಾಗಲು ಪರಕೀಯನೇ ಬೇಕೆಂದಿಲ್ಲ.

ಮುಂದೆ ನಡೆದುದು ನೋವಿನ ಕಥೆ. 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ಹರಿಸಿದ ರಕ್ತವನ್ನು ಈ ಜಿಲ್ಲೆ ಮರೆತಿಲ್ಲ. ಅದೇ ವರ್ಷದ ಸೆಪ್ಟೆಂಬರ್ 17ರಂದು ನಿಜಾಮಶಾಹಿ ಮುಗಿಯಿತು. ಆದರೆ ಆ ಬಿಡುಗಡೆಯ ಬೆನ್ನಲ್ಲೇ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಸೇಡಿನ ಕೈ ಎದ್ದಿತು. ಕೇಂದ್ರ ಸರಕಾರವು ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತ್ಯಂತ ಹೆಚ್ಚು ಹಾನಿಗೀಡಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಒಂದನ್ನು ನೆನೆದು ಇನ್ನೊಂದನ್ನು ಮುಚ್ಚುವುದು ಈ ಪತ್ರಿಕೆಯ ಧರ್ಮವಲ್ಲ. ಎರಡು ಸಲವೂ ಬಲಿಯಾದವರು ಹಳ್ಳಿಗಳ ಬಡವರು. ಎರಡು ಸಲವೂ ಕಾಯದೆಯು ದೂರದ ಕೋಟೆಯಲ್ಲಿ ಕುಳಿತಿತ್ತು, ಊರಿನಲ್ಲಿ ಅದನ್ನು ಕಾಯುವವರು ಇರಲಿಲ್ಲ. ಊರು ತಾನೇ ಒಪ್ಪಿ ಕಾಪಾಡದ ಕಾಯದೆಯು ಕಷ್ಟಕಾಲದಲ್ಲಿ ಯಾರನ್ನೂ ಕಾಪಾಡದು ಎಂಬ ಕಠಿಣ ಪಾಠವನ್ನು ಬೀದರವು ಹೀಗೆ ಕಲಿಯಿತು.

ಇನ್ನು ಈ ಕಥೆಯ ವಿಚಿತ್ರವಾದ ತಿರುವನ್ನು ನೋಡಿರಿ. ಬ್ರಿಟಿಷರು ಆಳುತ್ತಿದ್ದಾಗ ಬೀದರಕ್ಕೆ ಬಾರದ ಅವರ ದಂಡ ಸಂಹಿತೆಯು, ಅವರು ಹಡಗು ಹತ್ತಿ ಹೋದ ಮೇಲೆ ಇಲ್ಲಿಗೆ ಬಂದಿತು! 'ಬ' ವರ್ಗದ ರಾಜ್ಯಗಳಿಗೆ ಕೇಂದ್ರದ ಕಾಯದೆಗಳನ್ನು ವಿಸ್ತರಿಸಿದ 1951ರ ಅಧಿನಿಯಮವು ಆ ವರ್ಷದ ಏಪ್ರಿಲ್ 1ರಂದು ಜಾರಿಗೆ ಬಂದು, ಮೆಕಾಲೆಯ ಸಂಹಿತೆಯನ್ನೂ ಸಾಕ್ಷ್ಯದ ಕಾಯದೆಯನ್ನೂ ಹೈದರಾಬಾದಿಗೆ ಅನ್ವಯಿಸಿತು. ಟಿಳಕರನ್ನು 1908ರಲ್ಲಿ ಮಂಡಾಲೆಗೆ ಕಳಿಸಿದ, ಗಾಂಧೀಜಿಯವರನ್ನು 1922ರಲ್ಲಿ ಆರು ವರ್ಷಗಳ ಸೆರೆಗೆ ದೂಡಿದ 124-ಅ ಕಲಮು ಭಾಲ್ಕಿ, ಔರಾದಗಳನ್ನು ಪ್ರವೇಶಿಸಿದ್ದು ತ್ರಿವರ್ಣ ಧ್ವಜದ ನೆರಳಿನಲ್ಲಿ. ದೇಶಕ್ಕೆಲ್ಲ ಒಂದೇ ಕಾಯದೆ ಬೇಕೆಂಬುದು ಸರಿಯಾದ ಉದ್ದೇಶವೇ. ಅದನ್ನು ಅಂದಿನವರು ದುರುದ್ದೇಶದಿಂದ ಮಾಡಲಿಲ್ಲ. ಆದರೂ ಬೀದರದ ರೈತನ ದೃಷ್ಟಿಯಿಂದ ಆದುದೇನು? ಓದಲು ಬಾರದ ಉರ್ದು ಹೋಗಿ ಓದಲು ಬಾರದ ಇಂಗ್ಲಿಷು ಬಂದಿತು.

ನಂತರ 1956ರ ನವೆಂಬರ್ 1. ಯಾವ ದಿನಕ್ಕಾಗಿ ಆಲೂರ ವೆಂಕಟರಾಯರು ತಮ್ಮ ಆಯುಷ್ಯವನ್ನು ಸವೆಸಿದರೋ, ಯಾವ ದಿನಕ್ಕಾಗಿ 1924ರ ಬೆಳಗಾವಿಯ ಕಾಂಗ್ರೆಸ್ಸಿನಿಂದಲೂ ಕನ್ನಡಿಗರು ಬೇಡುತ್ತ ಬಂದಿದ್ದರೋ ಆ ದಿನ. ಹಳೆಯ ಬೀದರ ಜಿಲ್ಲೆಯು ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡ ರಾಜ್ಯವನ್ನು ಸೇರಿದವು. ಕಾಯದೆಯೂ ಕ್ರಮೇಣ ಕನ್ನಡ ರಾಜ್ಯದ್ದಾಯಿತು. ಜಹಗೀರುಗಳು 1949ರಲ್ಲಿಯೇ ರದ್ದಾಗಿದ್ದವು. 1961ರ ಕಾಯದೆಯಿಂದ ವಂಶಪರಂಪರೆಯ ಪಾಟೀಲಕಿ, ಪಟವಾರಿಕೆಗಳು ಹೋದವು. 1317 ಫಸಲಿಯ ಕಾಯದೆಯ ಸ್ಥಳದಲ್ಲಿ 1964ರ ಭೂಕಂದಾಯ ಕಾಯದೆ ಬಂದಿತು. 1974ರ ತಿದ್ದುಪಡಿಯು ಉಳುವವನನ್ನು ಒಡೆಯನನ್ನಾಗಿ ಮಾಡಹೊರಟಿತು. ಸ್ವಜನರ ಶಾಸನಸಭೆಯು ಮನಸ್ಸು ಮಾಡಿದರೆ ಎಂಥ ಕೆಲಸವಾಗಬಲ್ಲದೆಂಬುದಕ್ಕೆ ಇವು ಸಾಕ್ಷಿ. ಫರ್ಮಾನುಗಳು ನೂರು ವರ್ಷಗಳಲ್ಲಿ ಮಾಡದ್ದನ್ನು ಮತಪೆಟ್ಟಿಗೆಯು ಇಪ್ಪತ್ತೈದು ವರ್ಷಗಳಲ್ಲಿ ಮಾಡಿತು. ಇದನ್ನು ಮರೆತು, ಸ್ವರಾಜ್ಯದಿಂದ ಏನೂ ಆಗಲಿಲ್ಲವೆಂದು ಹಲುಬುವವರ ಗುಂಪಿಗೆ ನಾವು ಸೇರಿದವರಲ್ಲ.

ಹಾಗಾದರೆ ನಮ್ಮ ದೂರು ಯಾವುದು? ಹೇಳುತ್ತೇವೆ. ಯಾವ ಕಾಯದೆಯೇ ಆಗಲಿ, ಅದು ಜನರದೋ ಅಲ್ಲವೋ ಎಂದು ನೋಡಲು ಮೂರು ಒರೆಗಲ್ಲುಗಳಿವೆ. ಅದರ ಒಳತಿರುಳು ಪ್ರಜೆಯನ್ನು ಪ್ರಜೆಯೆಂದು ಬಗೆಯುತ್ತದೆಯೇ? ಅದರ ನುಡಿ ಅವನಿಗೆ ತಿಳಿಯುತ್ತದೆಯೇ? ಅದನ್ನು ನಡೆಸುವ ಕೈ ಅವನು ಆರಿಸಿದ ಕೈಯೇ? ಈ ಮೂರರಲ್ಲಿ ಒಂದೊಂದನ್ನೇ ತೆಗೆದುಕೊಳ್ಳೋಣ.

ತಿರುಳಿನ ಮಾತು ಮೊದಲು. ಹೊಸ ಸಂಹಿತೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದಲ್ಲ. ಸಣ್ಣ ಅಪರಾಧಗಳಿಗೆ ಸೆರೆಮನೆಯ ಬದಲು ಸಮಾಜಸೇವೆಯ ಶಿಕ್ಷೆಯನ್ನು ವಿಧಿಸಬಹುದೆಂಬುದು ನಮ್ಮ ಜನದ ನ್ಯಾಯಬುದ್ಧಿಗೆ ಒಪ್ಪುವಂಥದು. ಗುಂಪು ಕೂಡಿ ಕೊಲ್ಲುವುದನ್ನು ಪ್ರತ್ಯೇಕವಾಗಿ ಹೆಸರಿಸಿದ್ದೂ ಸರಿಯೇ. ಐದುನೂರಹನ್ನೊಂದು ಕಲಮುಗಳು ಮೂರುನೂರೈವತ್ತೆಂಟಕ್ಕೆ ಇಳಿದಿವೆ. ಆದರೆ ಕಲಮುಗಳ ಹಳೆಯ ಸಂಖ್ಯೆಗಳು ಹೋದರೂ ಬಹುಪಾಲು ಮಾತುಗಳು ಮೆಕಾಲೆಯವೇ ಉಳಿದಿವೆ. 420 ಎಂಬುದು 318 ಆಯಿತು, ಮೋಸಗಾರನು ಮೋಸಗಾರನೇ. ಅದರಿಂದ ಹಾನಿಯಿಲ್ಲ; ಮೋಸಕ್ಕೆ ದೇಶಭೇದವಿಲ್ಲ. ಹಾನಿಯಿರುವುದು ಬೇರೆ ಕಡೆಗೆ. ರಾಜದ್ರೋಹದ 124-ಅ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ತಡೆಹಿಡಿದಿತ್ತು. ಅದನ್ನು ಹುಟ್ಟಿಸಿದ ಇಂಗ್ಲೆಂಡೇ 2009ರಲ್ಲಿ ತನ್ನ ನೆಲದಲ್ಲಿ ಆ ಅಪರಾಧವನ್ನು ರದ್ದುಪಡಿಸಿತ್ತು. ನಮ್ಮ ಹೊಸ ಸಂಹಿತೆಯಲ್ಲಿ ರಾಜದ್ರೋಹವೆಂಬ ಶಬ್ದವಿಲ್ಲ, ನಿಜ. ಆದರೆ 152ನೆಯ ಕಲಮಿನಲ್ಲಿ ದೇಶದ ಸಾರ್ವಭೌಮತ್ವ, ಏಕತೆಗಳ ಹೆಸರಿನಲ್ಲಿ ಅದರ ತಮ್ಮನೇ ಬಂದು ಕುಳಿತಿದ್ದಾನೆ. ಅಣ್ಣನು ಜೀವಾವಧಿಯಲ್ಲದಿದ್ದರೆ ಮೂರು ವರ್ಷಗಳ ಸೆರೆ ಎನ್ನುತ್ತಿದ್ದನು. ತಮ್ಮನು ಏಳು ವರ್ಷಗಳೆನ್ನುತ್ತಾನೆ. ಸಭೆ ಮೆರವಣಿಗೆಗಳನ್ನು ತಡೆಯುವ 144ನೆಯ ಕಲಮು 163ನೆಯದಾಗಿ ಹಾಗೆಯೇ ಇದೆ. ಗಸ್ತಿ ನಿಶಾನ್ 53ರ ನೆನಪಿರುವ ಊರಿನವರು ಇದನ್ನು ನೋಡಿ ನಕ್ಕಾರೋ ಅತ್ತಾರೋ ನಾವರಿಯೆವು. ದೇಶವನ್ನು ಒಡೆಯುವವನಿಗೆ ಶಿಕ್ಷೆಯಾಗಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಧಿಕಾರಿಯನ್ನು ಟೀಕಿಸುವವನೂ ದೇಶವನ್ನು ಒಡೆಯುವವನೂ ಒಂದೇ ಎಂದು ಬಗೆಯುವ ಬುದ್ಧಿಯು ಸಾಮ್ರಾಜ್ಯದ್ದು, ಸ್ವರಾಜ್ಯದ್ದಲ್ಲ.

ಎರಡನೆಯದು ನುಡಿ. ಹೊಸ ಕಾಯದೆಗಳ ಹೆಸರು ಸಂಸ್ಕೃತದ್ದು. ಇಂಗ್ಲಿಷಿನ ಪಾಠದಲ್ಲಿಯೂ ಅವುಗಳ ಹೆಸರು ಅದೇ. ಹೆಸರು ಮಾತ್ರ ದೇಶೀಯವಾಗಿ ಒಡಲು ತಿಳಿಯದಂತಿದ್ದರೆ ಫಲವೇನು? ಭಾಲ್ಕಿಯ ಪಟ್ಟದ್ದೇವರು ಉರ್ದುವಿನ ಫಲಕದ ಹಿಂದೆ ಕನ್ನಡವನ್ನು ಬಚ್ಚಿಟ್ಟರು. ಇಂದು ತಲೆಕೆಳಗಾಗಿದೆ: ಫಲಕವು ಸ್ವದೇಶಿ, ಒಳಗಿನ ಪಾಠವು ಇಂಗ್ಲಿಷು! ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಲ್ಲಿಯೇ ಕಾಯದೆಯಾಯಿತು. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಪಡಿಸುವ ಅಧಿಕಾರವು ರಾಜ್ಯ ಸರಕಾರದ ಕೈಯಲ್ಲಿಯೇ ಇದೆ. ಹೀಗಿದ್ದೂ ಕನ್ನಡದಲ್ಲಿ ನುಡಿದ ಸಾಕ್ಷಿಯು ಎಷ್ಟೋ ವೇಳೆ ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ಸಾಕ್ಷಿದಾರನು ತಾನು ಹೇಳಿದ್ದೇ ಬರೆಯಲ್ಪಟ್ಟಿದೆಯೋ ಇಲ್ಲವೋ ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾನೆ. ಉಚ್ಚ ನ್ಯಾಯಾಲಯದ ಮಾತೇ ಬೇರೆ. ಸಂವಿಧಾನದ 348ನೆಯ ಅನುಚ್ಛೇದವು ಅಲ್ಲಿ ಇಂಗ್ಲಿಷನ್ನು ಕೂರಿಸಿದೆ. ಆದರೆ ಅದೇ ಅನುಚ್ಛೇದವು, ರಾಷ್ಟ್ರಪತಿಗಳ ಸಮ್ಮತಿಯಿಂದ ರಾಜ್ಯಪಾಲರು ರಾಜ್ಯದ ಭಾಷೆಗೆ ಕಲಾಪದಲ್ಲಿ ಸ್ಥಾನ ಕೊಡಬಹುದೆಂದೂ ಹೇಳುತ್ತದೆ. ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರಗಳು ಹಿಂದಿಗೆ ಆ ಸ್ಥಾನವನ್ನು ಪಡೆದುಕೊಂಡಿವೆ. ಹಿಂದಿಗೆ ತೆರೆದ ಬಾಗಿಲು ಕನ್ನಡಕ್ಕೆ ಏಕೆ ಮುಚ್ಚಿರಬೇಕು? 2024ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಒಂದು ಪೀಠವೇ ಕನ್ನಡದಲ್ಲಿ ತೀರ್ಪು ಕೊಟ್ಟು, ಕನ್ನಡಕ್ಕೆ ಆ ಕಸುವಿಲ್ಲವೆನ್ನುವವರ ಬಾಯಿ ಮುಚ್ಚಿಸಿತು.

ನ್ಯಾಯವು ಹತ್ತಿರ ಬಂದರೆ ಏನಾಗುತ್ತದೆಂಬುದನ್ನು ಬೀದರದವರು ಅನುಭವದಿಂದ ಬಲ್ಲರು. 2008ರಲ್ಲಿ ಕಲಬುರ್ಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ತೆರೆಯಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕೆ ಮೊದಲು ಔರಾದದ ಕಕ್ಷಿದಾರನು ಬುತ್ತಿ ಕಟ್ಟಿಕೊಂಡು ಏಳುನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು. ಮೊಕದ್ದಮೆ ಗೆದ್ದರೂ ಮನೆ ಸೋಲುತ್ತಿತ್ತು. ದೂರವು ಕರಗಿದಂತೆ ನುಡಿಯ ಗೋಡೆಯೂ ಕರಗಬೇಕೆಂಬುದಷ್ಟೇ ನಮ್ಮ ಬೇಡಿಕೆ.

ಮೂರನೆಯದು, ಎಲ್ಲಕ್ಕೂ ಮಿಗಿಲಾದುದು, ಕೈ. ನಮ್ಮ ಕನ್ನಡ ರಾಜ್ಯವು ಪಂಚಾಯತ ರಾಜ್ಯದಲ್ಲಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ. 1983ರ ಕಾಯದೆಯಂತೆ 1987ರ ಜನವರಿಯಲ್ಲಿ ಚುನಾವಣೆಗಳು ನಡೆದು, ರಾಮಕೃಷ್ಣ ಹೆಗಡೆ, ಅಬ್ದುಲ್ ನಜೀರಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತುಗಳು ಹುಟ್ಟಿದವು. ಅದರ ಮುಖ್ಯ ಕಾರ್ಯದರ್ಶಿಯನ್ನು ಜಿಲ್ಲಾಧಿಕಾರಿಗಿಂತ ಹಿರಿಯನನ್ನಾಗಿ ಮಾಡಿದರು. ತಾಲೂಕದಾರನ ಮುಂದೆ ಬಗ್ಗಿ ಸಲಾಮು ಮಾಡಿದ ಅಜ್ಜನ ಮೊಮ್ಮಗನು ಪರಿಷತ್ತಿನ ಸಭೆಯಲ್ಲಿ ಅಧಿಕಾರಿಯಿಂದ ಲೆಕ್ಕ ಕೇಳಿದನು. ಆದರೆ 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಇಂಥದು ಇನ್ನು ಮುಂದೆ ಆಗಬಾರದೆಂದೇ ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು, ಪಂಚಾಯತಿಯ ಆಯುಷ್ಯ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗತಕ್ಕದ್ದು ಎಂದು ಕಟ್ಟಪ್ಪಣೆ ಮಾಡಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ನೆವ ಹೇಳಿ ಮುಂದೂಡಬಾರದೆಂದು ಸರ್ವೋಚ್ಚ ನ್ಯಾಯಾಲಯವೂ 2006ರಲ್ಲಿ ಹೇಳಿತು. ನಮ್ಮ ರಾಜ್ಯದ 1993ರ ಪಂಚಾಯತ ಕಾಯದೆಯ ಹೆಸರಿಗೆ ಮುಂದೆ ಗ್ರಾಮ ಸ್ವರಾಜ್ ಎಂಬ ಗಾಂಧೀಜಿಯವರ ಮಾತನ್ನೂ ಜೋಡಿಸಿದರು.

ಹೆಸರು ಚೆನ್ನಾಗಿದೆ. ನಡೆದುದೇನು? 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ಮುಗಿಯಿತು. ಕ್ಷೇತ್ರಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ತಕರಾರು ಎಂದು ಒಂದರ ಮೇಲೊಂದು ಕಾರಣ ಹುಟ್ಟಿ, ನಾಲ್ಕು ವರ್ಷಗಳಿಗೂ ಮಿಕ್ಕಿ ಚುನಾವಣೆಯೇ ನಡೆಯದೆ, ಅಧಿಕಾರವೆಲ್ಲ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಳುವ ಪಕ್ಷವು ಈ ಅವಧಿಯಲ್ಲಿ ಬದಲಾಯಿತು. ಖಾಲಿ ಕುರ್ಚಿಗಳು ಮಾತ್ರ ಬದಲಾಗಲಿಲ್ಲ. ಆದುದರಿಂದ ನಾವು ಒಂದು ಪಕ್ಷವನ್ನು ದೂರಿ ಇನ್ನೊಂದಕ್ಕೆ ಆರತಿ ಎತ್ತುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬಂತೆ, ಸಂವಿಧಾನವು ಕೊಟ್ಟುದನ್ನು ರಾಜಧಾನಿಯು ತಡೆದು ನಿಲ್ಲಿಸಿತು. ದಿಲ್ಲಿಯ ಅಧಿಕಾರವು ತಮಗೆ ಸಾಲದೆಂದು ದೂರುವ ಬೆಂಗಳೂರಿನವರು, ಬೀದರಕ್ಕೆ ತಾವು ಕೊಡಬೇಕಾದುದರ ಮಾತು ಬಂದಾಗ ಮೌನವಾಗುವುದೇಕೆ?

ಈ ಮಾತು ನಮ್ಮ ಭಾಗಕ್ಕೆ ವಿಶೇಷವಾಗಿ ತಟ್ಟುತ್ತದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371-ಜೆ ಅನುಚ್ಛೇದವು ಬಂದು, ಹೈದರಾಬಾದು ಕರ್ನಾಟಕಕ್ಕೆ ನೌಕರಿಯಲ್ಲಿ, ವಿದ್ಯೆಯಲ್ಲಿ ಮೀಸಲಾತಿಯೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ದೊರೆತವು. ಅದಕ್ಕಾಗಿ ದುಡಿದವರಿಗೆ ನಾವು ಋಣಿಗಳು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಮಂಡಳಿಯ ಅಧ್ಯಕ್ಷರನ್ನು ನಾಡಿನ ಜನರು ಆರಿಸುವುದಿಲ್ಲ, ಸರಕಾರವು ನೇಮಿಸುತ್ತದೆ. ಜನರು ಆರಿಸುವ ಜಿಲ್ಲಾ ಪಂಚಾಯತಿಯನ್ನು ಬರಿದು ಮಾಡಿ, ಸರಕಾರ ಆರಿಸುವ ಮಂಡಳಿಯನ್ನು ತುಂಬಿಸುವುದು ಉಪಕಾರವಿರಬಹುದು, ಸ್ವರಾಜ್ಯವಲ್ಲ. ರಸ್ತೆಯು ಬೇಕು, ಆದರೆ ಯಾವ ರಸ್ತೆಯು ಮೊದಲೆಂದು ನಿರ್ಧರಿಸುವ ಹಕ್ಕೂ ಬೇಕು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಕಡೆಗಣಿಸಲಾಗದು. ಹಳ್ಳಿಯ ಸ್ವರಾಜ್ಯವೆಂದರೆ ಹಳ್ಳಿಯ ಬಲಿಷ್ಠರ ರಾಜ್ಯವೆಂದೇ ಆಗದೇ? ಡಾಕ್ಟರ್ ಅಂಬೇಡಕರರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ನೆಲೆಯೆಂದು ಕಟುವಾಗಿ ನುಡಿದದ್ದು ಸುಮ್ಮನೆ ಅಲ್ಲ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನಿಗೆ ಪಾಟೀಲನ ಚಾವಡಿಯ ನ್ಯಾಯವು ಎಂಥದೆಂಬುದು ಗೊತ್ತು. ಹಿಂದಿನದೆಲ್ಲ ಸ್ವದೇಶಿ, ಸ್ವದೇಶಿಯೆಲ್ಲ ಒಳ್ಳೆಯದು ಎಂಬ ಭ್ರಮೆಯು ನಮಗಿಲ್ಲ. ನಾವು ಬೇಡುವುದು ಪಾಟೀಲಕಿಯ ಮರುಹುಟ್ಟನ್ನಲ್ಲ. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರ ಕಾಲದ ಅನುಭವ ಮಂಟಪದಲ್ಲಿ ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿಯರು ಸಮಾನವಾಗಿ ಕುಳಿತು ಮಾತಾಡಿದರೆಂಬ ನೆನಪನ್ನು ಜನರು ಕಾಪಾಡಿಕೊಂಡು ಬಂದಿದ್ದಾರೆ. ನಾವು ಕರೆಯುವ ಸ್ವದೇಶಿ ಆಡಳಿತವು ಆ ಜಾತಿಯದು. ಪ್ರತಿ ನಾಲ್ಕುನೂರು ಜನರಿಗೆ ಒಬ್ಬ ಸದಸ್ಯ, ದಲಿತರಿಗೂ ಹಿಂದುಳಿದವರಿಗೂ ಮೀಸಲು ಸ್ಥಾನ, ಅರ್ಧದಷ್ಟು ಸ್ಥಾನ ಸ್ತ್ರೀಯರಿಗೆ ಎಂಬ ಇಂದಿನ ಪಂಚಾಯತ ಕಾಯದೆಯು ಅದಕ್ಕೆ ಹತ್ತಿರವಾದುದು. ಬಲಿಷ್ಠನ ಕೈ ಮೇಲಾಗುವುದು ಚುನಾವಣೆ ನಡೆಯುವುದರಿಂದಲ್ಲ, ನಡೆಯದಿರುವುದರಿಂದ. ಕುರ್ಚಿಯು ಖಾಲಿಯಿದ್ದಾಗ ಬಡವನಿಗೆ ಹೋಗಲು ಮನೆಯಿಲ್ಲ. ಬಲ್ಲಿದನಿಗೆ ಅಧಿಕಾರಿಯ ಮನೆಯ ದಾರಿ ಎಂದಿನಿಂದಲೂ ಗೊತ್ತು.

ಇನ್ನೊಂದು ಮಾತು. ಔರಾದ, ಭಾಲ್ಕಿಗಳಲ್ಲಿ ಮರಾಠಿ ನುಡಿಯುವ ಮನೆಗಳು ಬಹಳ. ಬೀದರದ ಓಣಿಗಳಲ್ಲಿ ಉರ್ದುವು ಮನೆಮಾತು. ಕನ್ನಡವನ್ನು ಎತ್ತಿ ಹಿಡಿಯುವುದೆಂದರೆ ಇವರ ಬಾಯಿ ಕಟ್ಟುವುದಲ್ಲ. ಮರಾಠಿಯಲ್ಲಿ ಮನವಿ ತಂದವನನ್ನು ಹಿಂದಕ್ಕೆ ಅಟ್ಟುವ ಗುಮಾಸ್ತನು ಕನ್ನಡದ ಸೇವಕನಲ್ಲ. ನೆರೆಯ ರಾಜ್ಯದ ಗಡಿವಾದಕ್ಕೆ ಅವನೇ ಸಾಕ್ಷಿ ಒದಗಿಸುವವನು. ಯಾವ ಅನ್ಯಾಯದ ವಿರುದ್ಧ ಪಟ್ಟದ್ದೇವರು ಫಲಕದ ಮರೆಯಲ್ಲಿ ಪಾಠ ಹೇಳಿದರೋ ಆ ಅನ್ಯಾಯವನ್ನು ನಾವು ಇನ್ನೊಬ್ಬರ ಮಕ್ಕಳಿಗೆ ಮಾಡಿದರೆ ಏಕೀಕರಣಕ್ಕೆ ಅರ್ಥವೇ ಉಳಿಯದು. ರಾಜ್ಯದ ಭಾಷೆ ಕನ್ನಡ. ರಾಜ್ಯದ ನಡತೆ ಎಲ್ಲರಿಗೂ ತಿಳಿಯುವಂಥದು. ಇವೆರಡಕ್ಕೂ ವಿರೋಧವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಸರಕಾರವು ಮಾಡಬೇಕಾದುದು ಸ್ಪಷ್ಟವಾಗಿದೆ. ಜಿಲ್ಲಾ, ತಾಲೂಕು ಪಂಚಾಯತಿಗಳ ಚುನಾವಣೆಯು ಸಂವಿಧಾನ ಹೇಳಿದ ಹೊತ್ತಿಗೆ, ಯಾವ ನೆವವೂ ಇಲ್ಲದೆ ನಡೆಯಬೇಕು. ಗ್ರಾಮ ಪಂಚಾಯತಿಗಳಿಗೂ ಅದೇ ಗತಿ ಬಾರದಂತೆ ನೋಡಬೇಕು. ಕೆಳಗಿನ ನ್ಯಾಯಾಲಯಗಳಲ್ಲಿ ಸಾಕ್ಷಿಯೂ ತೀರ್ಪೂ ಕನ್ನಡದಲ್ಲಿ ಆಗಬೇಕು; ಉಚ್ಚ ನ್ಯಾಯಾಲಯದ ಬಗ್ಗೆ 348ನೆಯ ಅನುಚ್ಛೇದದ ಬಾಗಿಲನ್ನು ತಟ್ಟಬೇಕು. ಉರ್ದುವಿನಲ್ಲಿ, ಮೋಡಿಯಲ್ಲಿ ಇರುವ ಹಳೆಯ ಜಮೀನಿನ ಕಾಗದಗಳನ್ನು ಬಲ್ಲವರಿಂದ ಕನ್ನಡಕ್ಕೆ ಇಳಿಸಿ, ಅದರ ಪ್ರತಿಯು ತಾಲೂಕಿನ ಕಚೇರಿಯಲ್ಲಿ ರೈತನ ಕೈಗೆ ಸಿಕ್ಕುವಂತೆ ಮಾಡಬೇಕು. ಓದಬಲ್ಲ ಮುದುಕರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಳ್ಳಿಗೇ ಹೋಗಿ ವಿಚಾರಣೆ ನಡೆಸಬಹುದಾದ ಗ್ರಾಮ ನ್ಯಾಯಾಲಯಗಳ 2008ರ ಕಾಯದೆಯನ್ನು ಹಾಳೆಯಿಂದ ನೆಲಕ್ಕೆ ಇಳಿಸಬೇಕು.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವುದು ಹೇಡಿತನ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದೆಂದು ಕಾಯದೆಯಿದೆ. ಎಷ್ಟು ಜನ ಸುಶಿಕ್ಷಿತರು ತಮ್ಮ ಹುಟ್ಟೂರಿನ ಗ್ರಾಮಸಭೆಗೆ ಹೋಗಿದ್ದಾರೆ? ಪಟ್ಟಣದಲ್ಲಿ ಮನೆ ಕಟ್ಟಿದ ವಕೀಲ, ಡಾಕ್ಟರ, ವ್ಯಾಪಾರಿಗಳು ಜಾತ್ರೆಗೆ ಊರಿಗೆ ಹೋಗುತ್ತಾರೆ, ಸಭೆಗೆ ಹೋಗುವುದಿಲ್ಲ. ಮಾಸ್ತರರಲ್ಲಿ ನಮ್ಮ ವಿಶೇಷ ಬಿನ್ನಹವಿದೆ. ತಾವು ಮಕ್ಕಳಿಗೆ ಬಹಮನಿಯ ಸುಲ್ತಾನರ ಇಸವಿಗಳನ್ನು ಕಲಿಸುತ್ತೀರಿ. ಮಹಮೂದ ಗಾವಾನನ ಮದರಸಾವನ್ನು ತೋರಿಸುತ್ತೀರಿ. ಅದರ ಜೊತೆಗೆ ಒಂದು ಪಹಣಿಯನ್ನು ಓದುವುದು ಹೇಗೆ, ಪೋಲೀಸು ಠಾಣೆಯಲ್ಲಿ ದೂರು ಬರೆಸಿದವನಿಗೆ ಅದರ ಪ್ರತಿಯನ್ನು ಪುಕ್ಕಟೆ ಪಡೆಯುವ ಹಕ್ಕಿದೆಯೆಂಬುದು, ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವುದು ಹೇಗೆ, ಇವನ್ನೂ ಕಲಿಸಿರಿ. ಆ ಮಗುವು ಸಂಜೆ ಮನೆಗೆ ಹೋಗಿ ತನ್ನಜ್ಜನಿಗೆ ಓದಿ ಹೇಳುತ್ತದೆ. ವಕೀಲ ಬಂಧುಗಳೇ, ಕನ್ನಡದಲ್ಲಿ ಅರ್ಜಿ ಬರೆದರೆ ಗೌರವ ಕಡಿಮೆಯಾದೀತೆಂಬ ಅಂಜಿಕೆಯನ್ನು ಮೊದಲು ಬಿಡೋಣ. ಈ ದೋಷವು ನಮ್ಮದೂ ಆಗಿದೆಯೆಂದು ನಾವು ಒಪ್ಪಿಕೊಳ್ಳುತ್ತೇವೆ. ಕಕ್ಷಿದಾರನಿಗೆ ತಿಳಿಯದ ಇಂಗ್ಲಿಷಿನಲ್ಲಿ ನಾವೂ ಎಷ್ಟೋ ಅರ್ಜಿಗಳನ್ನು ಬರೆದಿದ್ದೇವೆ.

1956ರಲ್ಲಿ ನಕಾಶೆಯು ಒಂದಾಯಿತು. ನಕಾಶೆಯು ಒಂದಾದುದು ಏಕೀಕರಣದ ಅರ್ಧ ಮಾತ್ರ. ಬೆಂಗಳೂರಿನ ವಿಧಾನಸೌಧದಲ್ಲಿ ಮಾಡಿದ ಕಾಯದೆಯನ್ನು ಔರಾದದ ಹೊಲದ ಬದುವಿನ ಮೇಲೆ ನಿಂತವನು ತನ್ನದೆಂದು ಓದಿಕೊಳ್ಳುವ ದಿನ, ತಪ್ಪಿದ್ದರೆ ತಾನು ಆರಿಸಿದವನ ಮೂಲಕ ತಿದ್ದಿಸುವ ದಿನ ಉಳಿದರ್ಧವು ಪೂರ್ಣವಾಗುವುದು. ಪ್ರತಿ ಸೆಪ್ಟೆಂಬರ್ 17ರಂದು ನಾವು ಧ್ವಜವನ್ನು ಏರಿಸುತ್ತೇವೆ, ಏರಿಸಬೇಕಾದುದೇ. ಆದರೆ ಧ್ವಜದ ಕೆಳಗಿನ ಕಟ್ಟೆಯಲ್ಲಿ ಪಂಚರು ಕುಳಿತಿರಬೇಕು. ಕಟ್ಟೆ ಬರಿದಾಗಿದ್ದು ಧ್ವಜ ಮಾತ್ರ ಹಾರಿದರೆ ಅದು ಉತ್ಸವ, ಸ್ವರಾಜ್ಯವಲ್ಲ.

ಮರದ ನೆರಳಿಗೆ ಕುಳಿತಿದ್ದ ಆ ಹಿರಿಯನಿಗೆ ಈಗ ನಮ್ಮ ಉತ್ತರ ಇಷ್ಟು: ಯಜಮಾನರೇ, ತಮ್ಮ ಕೈಯಲ್ಲಿದ್ದ ನಾಲ್ಕರಲ್ಲಿ ಯಾವುದೂ ಇನ್ನೂ ಪೂರ್ತಿಯಾಗಿ ತಮ್ಮದಾಗಿಲ್ಲ. ಉರ್ದುವಿನದು ದೊರೆಯದಾಗಿತ್ತು, ಇಂಗ್ಲಿಷಿನದು ನ್ಯಾಯವಾದಿಗಳದಾಯಿತು, ಪಹಣಿಯು ಕಚೇರಿಯದಾಗಿ ಉಳಿಯಿತು, ಹೊಸ ಸಂಹಿತೆಯನ್ನು ತಾವು ಇನ್ನೂ ಓದಿಲ್ಲ. ಐದನೆಯ ಕಾಗದವೊಂದು ಬರಬೇಕಾಗಿದೆ. ಅದನ್ನು ಯಾರೂ ತಂದು ಕೊಡಲಾರರು. ತಾವೂ ನಾವೂ ತಮ್ಮೂರಿನ ಗ್ರಾಮಸಭೆಯಲ್ಲಿ ಕೂಡಿ ಕುಳಿತು ಅದರ ಮೊದಲನೆಯ ಸಾಲನ್ನು ಬರೆಯಬೇಕು.